ಗಡಿಯೂರಿನ ಬಂದೂಕು ಕಸುಬುದಾರ ಜಾನ್ ಬ್ರೌನಿಂಗ್



ಸಾಧಕರ ಬದುಕನ್ನು ಪರಿಚಯಿಸುವ ಈ ಅಂಕಣದಲ್ಲಿ ನಾವು ಹೆಚ್ಚಾಗಿ ಕವಿಗಳು, ಹೋರಾಟಗಾರರು, ಕಲಾವಿದರನ್ನೇ ಆರಿಸಿಕೊಳ್ಳುತ್ತೇವೆ. ಆಯುಧಪೂಜೆ ಹತ್ತಿರವಾಗುತ್ತಿರುವ ಈ ಸಲ ಒಬ್ಬ ಕಸುಬುದಾರರ ಬದುಕನ್ನು ಎತ್ತಿಕೊಂಡಿದ್ದೇವೆ. ಗುರಿ ಹೊಡೆಯುವ ಕ್ರೀಡೆಯಲ್ಲಿ ಆಸಕ್ತಿಯಿರುವ ನಮ್ಮ ಕೆಲವು ಯುವ ಸದಸ್ಯರು ಹೊಸದಾಗಿ ಬಂದಿರುವ ಪಿಸ್ತೂಲು, ಅದಕ್ಕೆ ಜೋಡಿಸುವ ದೀಪ, ಸೊಂಟಕ್ಕೆ ಕಟ್ಟುವ ಹೋಲ್‌ಸ್ಟರ್ ಇವುಗಳ ಬಗ್ಗೆ ಬರೆಯಿರಿ ಎಂದು ಕೇಳಿದ್ದರು. ಹೊಸ ಮಾದರಿಗಳು ವರ್ಷವರ್ಷವೂ ಬರುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಪಿಸ್ತೂಲುಗಳನ್ನು ಬಿಚ್ಚಿ ನೋಡಿದರೆ ಒಳಗೆ ಕೆಲಸ ಮಾಡುತ್ತಿರುವುದು ಶತಮಾನಕ್ಕೂ ಹಳೆಯದಾದ ಒಬ್ಬರ ಯೋಚನೆ. ಅವರು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. ಹೊಸದನ್ನು ನೋಡುವ ಮುಂಚೆ ಅದರ ಬೇರನ್ನು ನೋಡೋಣ ಎಂದು ಈ ಬರಹ.

ಕೋವಿ ನಮ್ಮ ಕಡೆಗೆ ಹೊಸದೇನಲ್ಲ. ಕಾಸರಗೋಡು, ವಯನಾಡು, ನೀಲಗಿರಿಯ ತೋಟಗಳಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡ ಮನೆಗಳಿವೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ಹಲವರಿಗೆ ಗೊತ್ತಿರುವ ಕೆಲಸ. ವಯನಾಡಿಗೆ ಅಂಟಿಕೊಂಡಿರುವ ಕೊಡಗಿನಲ್ಲಿ ಕೈಲ್ ಪೊಳ್ದಿನ ದಿನ ಕೋವಿಗೆ ತೋಕ್ ಪೂ ಏರಿಸಿ ಪೂಜಿಸುತ್ತಾರೆ. ಬ್ರೌನಿಂಗ್ ಅವರ ಕತೆ ಶುರುವಾಗುವುದೂ ಇಂಥದೇ ಒಂದು ಅಂಚಿನ ಊರಿನಲ್ಲಿ.

ಅಪ್ಪನ ಅಂಗಡಿ

ಜಾನ್ ಹುಟ್ಟಿದ್ದು 1855ರ ಜನವರಿಯಲ್ಲಿ, ಯೂಟಾ ಸೀಮೆಯ ಆಗ್ಡೆನ್ ಎಂಬ ಊರಿನಲ್ಲಿ. ಯೂಟಾ ಆಗ ರಾಜ್ಯವಾಗಿರಲಿಲ್ಲ. ಬಿಳಿಯ ವಲಸಿಗರು ಹೊಸದಾಗಿ ನೆಲೆಯೂರುತ್ತಿದ್ದ ಗಡಿನಾಡು. ತಂದೆ ಜೋನಾಥನ್ ಬ್ರೌನಿಂಗ್ ಮಾರ್ಮನ್ ಪಂಥದವರು, ಬಂದೂಕು ಮಾಡುವುದರಲ್ಲಿ ಪಳಗಿದವರು. ಟೆನೆಸಿಯಲ್ಲಿ ಹುಟ್ಟಿ, ಇಲಿನಾಯ್ ಸೇರಿ, ಅಲ್ಲಿಂದ ತಮ್ಮ ಪಂಥದವರೊಡನೆ ಪಶ್ಚಿಮಕ್ಕೆ ಹೊರಟು 1852ರಲ್ಲಿ ಆಗ್ಡೆನ್‌ಗೆ ಬಂದಿದ್ದರು. ಮದ್ದುಗುಂಡು ತುಂಬಿದ ಕಬ್ಬಿಣದ ಪಟ್ಟಿಯನ್ನು ಪಕ್ಕಕ್ಕೆ ಜರುಗಿಸುತ್ತಾ ಒಂದರ ಹಿಂದೊಂದು ಗುಂಡು ಹಾರಿಸುವ ಬಂದೂಕನ್ನು ಅವರು ಬಹಳ ಮೊದಲೇ ಮಾಡಿದ್ದರು. ಮೂವರು ಹೆಂಡಿರು, 22 ಮಕ್ಕಳ ದೊಡ್ಡ ಸಂಸಾರ ಅವರದು.

ಅಂಗಡಿಯ ಮೂಲೆಯಲ್ಲಿದ್ದ ಮುರಿದ ಸಾಮಾನಿನ ರಾಶಿಯೇ ಜಾನನ ಆಟದ ಅಂಗಳ. ಓದು ಬರಹ ಕಲಿಯುವ ಮೊದಲೇ ಬಂದೂಕಿನ ಪ್ರತಿಯೊಂದು ಬಿಡಿಭಾಗದ ಹೆಸರು ಹುಡುಗನಿಗೆ ಬಾಯಿಗೆ ಬಂದಿತ್ತಂತೆ. ಹತ್ತು ವರ್ಷದವನಿದ್ದಾಗ ಹಳೆಯ ನಳಿಗೆಯೊಂದನ್ನು ಮರದ ತುಂಡಿಗೆ ಕಟ್ಟಿ ಒಂದು ಒರಟು ಬಂದೂಕು ಮಾಡಿದ. ತಮ್ಮ ಮ್ಯಾಟ್‌ನನ್ನು ಕರೆದುಕೊಂಡು ಹೋಗಿ ಅದರಲ್ಲೇ ಬಯಲುಕೋಳಿ ಹೊಡೆದು ತಂದ. ಮನೆಯಲ್ಲಿ ಊಟಕ್ಕೆ ಕೋಳಿ ಸಿಕ್ಕಿತು, ಹೊಗಳಿಕೆ ಸಿಗಲಿಲ್ಲ. ಹತ್ತು ವರ್ಷದ ಹುಡುಗ ಇದಕ್ಕಿಂತ ನೇರ್ಪಾದ ಕೆಲಸ ಮಾಡಬೇಕಿತ್ತು ಎಂಬುದು ಅಪ್ಪನ ತೀರ್ಪು. ಕೆಲಸದ ಅಚ್ಚುಕಟ್ಟಿನ ಪಾಠ ಅಲ್ಲಿಂದಲೇ ಮೊದಲಾಯಿತು.

1869ರಲ್ಲಿ ಆಗ್ಡೆನ್‌ಗೆ ರೈಲು ಬಂತು. ಅದೇ ವರ್ಷ ದೇಶದ ಎರಡು ಕಡಲುಗಳನ್ನು ಸೇರಿಸುವ ಹಳಿ ಆ ಸೀಮೆಯಲ್ಲೇ ಕೂಡಿತು. ಮೂಲೆಯ ಊರು ದಾರಿಯ ಊರಾಯಿತು. ಆದರೂ ಬ್ರೌನಿಂಗ್ ದೊಡ್ಡ ಪಟ್ಟಣಕ್ಕೆ ವಲಸೆ ಹೋಗಲಿಲ್ಲ. ದೊಡ್ಡ ಪಟ್ಟಣವೇ ಆಮೇಲೆ ಅವರ ಬಾಗಿಲಿಗೆ ಬಂತು.

8,000 ಡಾಲರ್

1879 ಅವರ ಬದುಕಿನಲ್ಲಿ ತುಂಬಾ ಆಗುಹೋಗುಗಳ ವರ್ಷ. ರೇಚಲ್ ಎಂಬುವರ ಜೊತೆ ಮದುವೆಯಾಯಿತು, ತಂದೆ ತೀರಿಕೊಂಡರು, ಅಕ್ಟೋಬರಿನಲ್ಲಿ ಮೊದಲ ಪೇಟೆಂಟ್ ಕೈಗೆ ಬಂತು. ಒಂದೊಂದೇ ತೋಟಾ ಹಾಕಿ ಹೊಡೆಯುವ ಗಟ್ಟಿಮುಟ್ಟಾದ ರೈಫಲ್ ಅದು. ಅಣ್ಣತಮ್ಮಂದಿರು ಸೇರಿ ಊರಲ್ಲೇ ಸಣ್ಣ ಕಾರ್ಖಾನೆ ಕಟ್ಟಿ ಕೈಯಲ್ಲೇ ತಯಾರಿಸತೊಡಗಿದರು. ಮ್ಯಾಟ್ ವ್ಯಾಪಾರ ನೋಡಿಕೊಂಡರೆ, ಇನ್ನೊಬ್ಬ ತಮ್ಮ ಎಡ್ ಅಣ್ಣನ ಯೋಚನೆಯನ್ನು ಲೋಹದಲ್ಲಿ ಕಡೆದುಕೊಡುತ್ತಿದ್ದ. ನಕ್ಷೆ ಬಿಡಿಸುವ ಶಾಸ್ತ್ರವನ್ನು ಬ್ರೌನಿಂಗ್ ಕಲಿತವರಲ್ಲ. ತಲೆಯಲ್ಲಿ ಮೂಡಿದ್ದನ್ನು ಕೈಗೆ ಸಿಕ್ಕ ಕಾಗದದಲ್ಲಿ ಗೀಚಿ, ನೇರವಾಗಿ ಕಬ್ಬಿಣದಲ್ಲೇ ಮಾಡಿ ನೋಡುವುದು ಅವರ ರೂಢಿ.

ಇಂಥ ಒಂದು ರೈಫಲ್ ವಿಂಚೆಸ್ಟರ್ ಕಂಪನಿಯ ಕಣ್ಣಿಗೆ ಬಿತ್ತು. ಅಮೆರಿಕದ ಹೆಸರಾಂತ ಬಂದೂಕು ಕಂಪನಿ ಅದು, ಇದ್ದದ್ದು ಪೂರ್ವದ ಕನೆಕ್ಟಿಕಟ್‌ನಲ್ಲಿ. 1883ರಲ್ಲಿ ಅದರ ಮುಖ್ಯಸ್ಥ ಟಿ. ಜಿ. ಬೆನೆಟ್ ದಿನಗಟ್ಟಲೆ ರೈಲಿನಲ್ಲಿ ಕೂತು ಆಗ್ಡೆನ್‌ಗೆ ಬಂದಿಳಿದರು. ಒಂದೇ ಮಾತುಕತೆಯಲ್ಲಿ 8,000 ಡಾಲರಿಗೆ ಆ ರೈಫಲಿನ ಹಕ್ಕು ಕೊಂಡರು. ಅಲ್ಲಿಂದ ಸುಮಾರು 19 ವರ್ಷ ಈ ನಂಟು ನಡೆಯಿತು. ಟ್ರಿಗರ್ ಕೆಳಗಿನ ಸನ್ನೆಯನ್ನು ತಳ್ಳಿ ಎಳೆದು ತೋಟಾ ಏರಿಸುವ 1886, 1892, 1894ರ ರೈಫಲ್‌ಗಳು, 1897ರ ಪಂಪ್ ಶಾಟ್‌ಗನ್ ಎಲ್ಲವೂ ವಿಂಚೆಸ್ಟರ್ ಹೆಸರಿನಲ್ಲಿ ಮಾರಾಟವಾದವು, ಹುಟ್ಟಿದ್ದು ಮಾತ್ರ ಆಗ್ಡೆನ್‌ನಲ್ಲಿ. 1894ರ ಮಾದರಿಯೊಂದೇ 70 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಕೊಂಡ ವಿನ್ಯಾಸಗಳಲ್ಲಿ ಹಲವನ್ನು ಕಂಪನಿ ತಯಾರಿಸಲೇ ಇಲ್ಲ. ಬೇರೆಯವರ ಕೈಗೆ ಹೋಗದಿದ್ದರೆ ಸಾಕೆಂದು ಕಪಾಟಿನಲ್ಲಿಟ್ಟಿತು.

ಬಾಗಿದ ಹುಲ್ಲು

1889ರಲ್ಲಿ ಗುರಿ ಹೊಡೆಯುವಾಗ ಬ್ರೌನಿಂಗ್ ಒಂದು ಸಣ್ಣ ಸಂಗತಿಯನ್ನು ಗಮನಿಸಿದರು. ಗುಂಡು ಹಾರಿದಾಗಲೆಲ್ಲ ನಳಿಗೆಯ ಬಾಯಿಯ ಮುಂದಿದ್ದ ಹುಲ್ಲು ಗಾಳಿಯ ಹೊಡೆತಕ್ಕೆ ಬಾಗುತ್ತಿತ್ತು. ಎಲ್ಲ ಬೇಟೆಗಾರರೂ ನೋಡಿರುವ ನೋಟವೇ. ಆದರೆ ಆ ಶಕ್ತಿ ಸುಮ್ಮನೆ ವ್ಯರ್ಥವಾಗುತ್ತಿದೆಯಲ್ಲ, ಅದರಿಂದಲೇ ಬಂದೂಕು ತಾನಾಗಿ ಮುಂದಿನ ತೋಟಾ ಏರಿಸಿಕೊಳ್ಳುವಂತೆ ಮಾಡಬಾರದೇಕೆ ಎಂದು ಅವರಿಗೆ ಹೊಳೆಯಿತು. ಕೂಡಲೇ ಅಂಗಡಿಗೆ ಬಂದು ಪ್ರಯೋಗ ಶುರು ಮಾಡಿದರು. ಅದರ ಫಲ ಕೋಲ್ಟ್ ಕಂಪನಿ ತಯಾರಿಸಿದ 1895ರ ಮೆಷಿನ್ ಗನ್.

ಅದೇ ಯೋಚನೆಯನ್ನು ಅಂಗೈಯಲ್ಲಿ ಹಿಡಿಯುವ ಪಿಸ್ತೂಲಿಗೂ ತಂದರು. ನಳಿಗೆಯ ಮೇಲೆ ಮುಚ್ಚಳದಂತೆ ಕೂತು ಹಿಂದೆ ಮುಂದೆ ಜಾರುವ ಸ್ಲೈಡ್ ಅವರ ಕೊಡುಗೆ. ದೊಡ್ಡ ಪಿಸ್ತೂಲಿನಲ್ಲಿ ಅದು ಹೀಗೆ ಕೆಲಸ ಮಾಡುತ್ತದೆ: ಗುಂಡು ಹಾರಿದ ಕ್ಷಣ ನಳಿಗೆ ಮತ್ತು ಸ್ಲೈಡ್ ಒಂದಕ್ಕೊಂದು ಕಚ್ಚಿಕೊಂಡು ಸ್ವಲ್ಪ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ನಳಿಗೆಯಿಂದ ಹೊರಬಿದ್ದು ಒಳಗಿನ ಒತ್ತಡ ಇಳಿದಿರುತ್ತದೆ. ಆಗ ನಳಿಗೆಯ ಹಿಂತುದಿ ಕೆಳಕ್ಕೆ ಬಾಗಿ ಕಚ್ಚು ಬಿಡುತ್ತದೆ. ಸ್ಲೈಡ್ ಒಂದೇ ಇನ್ನಷ್ಟು ಹಿಂದೆ ಹೋಗಿ ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುವಾಗ ಮ್ಯಾಗಜಿನ್‌ನಿಂದ ಹೊಸ ತೋಟಾ ನಳಿಗೆಗೆ ಏರುತ್ತದೆ. ಇಂದು ಅಂಗಡಿಗೆ ಬರುವ ಹೊಸ 9 ಎಂಎಂ ಪಿಸ್ತೂಲುಗಳಲ್ಲಿ ಹೆಚ್ಚಿನವು ಈ ಕ್ರಮವನ್ನೇ ಅಲ್ಪಸ್ವಲ್ಪ ತಿದ್ದಿಕೊಂಡಿವೆ.

ಕಸುಬಿನ ಹಕ್ಕು

1897ರಲ್ಲಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಪ್ರತಿನಿಧಿಯೊಬ್ಬರು ಅಮೆರಿಕದಲ್ಲಿ ಬ್ರೌನಿಂಗ್ ಅವರನ್ನು ಕಂಡರು. ಲೀಜ್ ನಗರದ ಪಕ್ಕದ ಹರ್ಸ್ಟಾಲ್‌ನಲ್ಲಿರುವ ಆ ಕಾರ್ಖಾನೆ ಅವರ ಪುಟ್ಟ ಪಿಸ್ತೂಲನ್ನು ತಯಾರಿಸಲು ಒಪ್ಪಿತು. ಅದೇ 1900ರ ಮಾದರಿ. ಅದಕ್ಕೆಂದು ಅವರು ರೂಪಿಸಿದ 7.65 ಎಂಎಂ ತೋಟಾವನ್ನು ನಾವು .32 ಎನ್ನುತ್ತೇವೆ. ನಮ್ಮ ದೇಶದ ಸರ್ಕಾರಿ ಆಯುಧ ಕಾರ್ಖಾನೆ ಪರವಾನಗಿದಾರರಿಗೆ ಮಾರುವ .32 ಪಿಸ್ತೂಲಿಗೆ ಇಂದಿಗೂ ಬೇಕಾದದ್ದು ಅದೇ ತೋಟಾ.

ಈ ನಡುವೆ ವಿಂಚೆಸ್ಟರ್ ಜೊತೆಗಿನ ನಂಟು ಮುರಿಯಿತು. ತಾನಾಗಿ ತೋಟಾ ಏರಿಸಿಕೊಳ್ಳುವ ಶಾಟ್‌ಗನ್ ಒಂದನ್ನು ಬ್ರೌನಿಂಗ್ ಮಾಡಿದ್ದರು. ಅದು ತಮ್ಮ ಕೆಲಸಗಳಲ್ಲೆಲ್ಲ ಹೆಚ್ಚಿನದೆಂದು ಅವರಿಗೆ ಗೊತ್ತಿತ್ತು. ಹಾಗಾಗಿ ಈ ಸಲ ಒಂದೇ ಗಂಟಿನ ಹಣ ಬೇಡ, ಮಾರಾಟವಾಗುವ ಪ್ರತಿ ಬಂದೂಕಿಗೂ ರಾಯಧನ ಬೇಕು ಎಂದರು. ಬೆನೆಟ್ ಒಪ್ಪಲಿಲ್ಲ. ಬ್ರೌನಿಂಗ್ ಬಂದೂಕನ್ನು ಎತ್ತಿಕೊಂಡು ಎದ್ದು ಬಂದರು. ರೆಮಿಂಗ್ಟನ್ ಕಂಪನಿಗೆ ತೋರಿಸಲು ಹೋದರೆ ಅದರ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿ ಆ ದಿನವೇ, 1902ರ ಜನವರಿ 8ರಂದು, ಹೃದಯಾಘಾತದಿಂದ ತೀರಿಕೊಂಡರು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೊರಟರು. ಎಫ್‌ಎನ್ ಒಪ್ಪಿತು. ಹಿಂದೆ ಗೂನಿನಂತೆ ಎದ್ದು ಕಾಣುವ ಆ ಆಟೊ-5 ಶಾಟ್‌ಗನ್ 1990ರ ದಶಕದ ಕೊನೆಯವರೆಗೂ ತಯಾರಾಯಿತು. ಬೆವರು ಸುರಿಸಿ ಮಾಡಿದವನಿಗೆ ಅದರ ಫಲದಲ್ಲಿ ಪಾಲಿರಬೇಕು ಎಂಬ ಒಂದು ವಿಷಯಕ್ಕಾಗಿ ಅವರು ಹತ್ತೊಂಬತ್ತು ವರ್ಷದ ಸಂಬಂಧ ಬಿಟ್ಟುಕೊಟ್ಟರು. ಆ ನಿಲುವೇ ಅವರನ್ನು ಎರಡು ಖಂಡಗಳ ಕಸುಬುದಾರನನ್ನಾಗಿ ಮಾಡಿತು.

6,000 ಗುಂಡು

ಅಮೆರಿಕದ ಸೇನೆ ಹೊಸ .45 ಪಿಸ್ತೂಲು ಹುಡುಕುತ್ತಿದ್ದಾಗ ಕೋಲ್ಟ್ ಕಂಪನಿ ಮುಂದಿಟ್ಟದ್ದು ಬ್ರೌನಿಂಗ್ ಅವರ ವಿನ್ಯಾಸ. 1911ರ ಮಾರ್ಚ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ 6,000 ಗುಂಡು ಹಾರಿಸಿದರು. ಕಾದು ಕೆಂಡವಾದಾಗ ನೀರಿನಲ್ಲಿ ಅದ್ದಿ ಮತ್ತೆ ಹಾರಿಸಿದರು. ಒಮ್ಮೆಯೂ ಕೈಕೊಡಲಿಲ್ಲ. ಮಾರ್ಚ್ 29ರಂದು ಸೇನೆ ಅದನ್ನು ಸ್ವೀಕರಿಸಿತು. 1985ರವರೆಗೂ ಅದೇ ಅಲ್ಲಿನ ಸೈನಿಕರ ಅಧಿಕೃತ ಪಿಸ್ತೂಲಾಗಿತ್ತು.

ಸಲಕರಣೆಗಳಲ್ಲಿ ಆಸಕ್ತಿಯಿರುವವರು ಇಲ್ಲಿ ಒಂದು ಮಾತು ಗಮನಿಸಬೇಕು. ಈ ಪಿಸ್ತೂಲನ್ನು ತಿದ್ದಿಸಿದವರಲ್ಲಿ ಕುದುರೆ ಸವಾರರೂ ಇದ್ದರು. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಪಿಸ್ತೂಲು. ಕುದುರೆ ಬೆದರಿದರೆ ಗುಂಡು ಹಾರಬಾರದು, ಕೈಜಾರಿದರೆ ನೆಲಕ್ಕೆ ಬೀಳಬಾರದು. ಹೆಬ್ಬೆರಳಿಗೆ ಸಿಗುವ ಸೇಫ್ಟಿ, ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದರಷ್ಟೇ ಬಿಡುಗಡೆಯಾಗುವ ಇನ್ನೊಂದು ಸೇಫ್ಟಿ, ದಾರ ಕಟ್ಟುವ ಬಳೆ, ಅಗಲವಾದ ಮುಚ್ಚಳವಿದ್ದ ದಪ್ಪ ಚರ್ಮದ ಹೋಲ್‌ಸ್ಟರ್ ಎಲ್ಲವೂ ಇಂಥ ಅಗತ್ಯಗಳಿಂದಲೇ ಬಂದವು. ಈಗಿನ ಹೋಲ್‌ಸ್ಟರ್‌ಗಳು ಗಟ್ಟಿ ಪ್ಲಾಸ್ಟಿಕ್ಕಿನವು, ಬೇಗ ಹಿರಿಯಲು ಬರುವಂಥವು. ಆದರೂ ಒಳ್ಳೆಯ ಹೋಲ್‌ಸ್ಟರಿನ ಲಕ್ಷಣ ಅಂದಿನದೇ: ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಓಡಿದರೂ ಬಿದ್ದರೂ ಆಯುಧ ಜಾರಬಾರದು.

ಯುದ್ಧ ಮತ್ತು ಅದರ ಭಾರ

1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದದ್ದು ಬ್ರೌನಿಂಗ್ ವಿನ್ಯಾಸದ ಎಫ್‌ಎನ್ ಪಿಸ್ತೂಲು. ಅದರ ಬೆನ್ನಿಗೇ ಮೊದಲ ಮಹಾಯುದ್ಧ ಹೊತ್ತಿಕೊಂಡಿತು. ಬೆಲ್ಜಿಯಂ ಜರ್ಮನರ ವಶವಾಯಿತು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಅವರ ನೀರು ತಂಪಿನ ಮೆಷಿನ್ ಗನ್ ಪರೀಕ್ಷೆಯಲ್ಲಿ 20,000 ಗುಂಡು ಹಾರಿಸಿ, ಮತ್ತೆ 20,000 ಹಾರಿಸಿತು. ಇನ್ನೊಂದು ಗನ್ 48 ನಿಮಿಷಕ್ಕೂ ಹೆಚ್ಚು ಕಾಲ ಎಡೆಬಿಡದೆ ಓಡಿತು. ಸರ್ಕಾರ ತಮ್ಮ ಯುದ್ಧಾಯುಧಗಳ ಹಕ್ಕಿಗೆ 7,50,000 ಡಾಲರ್ ಕೊಡುತ್ತೇನೆಂದಾಗ ಅವರು ಚೌಕಾಸಿ ಮಾಡದೆ ಒಪ್ಪಿದರು. ರಾಯಧನ ಕೇಳಿದ್ದರೆ ಅದರ ಹಲವು ಪಟ್ಟು ಬರುತ್ತಿತ್ತು. ಕಂಪನಿಯ ಮುಂದೆ ಹಕ್ಕಿಗಾಗಿ ಹಟ ಹಿಡಿದವರು, ದೇಶ ಯುದ್ಧದಲ್ಲಿದ್ದಾಗ ಹಟ ಹಿಡಿಯಲಿಲ್ಲ. ಅವರ ಮಗ ವ್ಯಾಲ್ ಅದೇ ಆಯುಧ ಹಿಡಿದು ಫ್ರಾನ್ಸ್‌ನ ರಣರಂಗದಲ್ಲಿದ್ದ.

ಆಯುಧ ಮಾಡಿದವರ ಕೈಯಲ್ಲಿ ಅದು ಯಾರ ಪಾಲಾಗಬೇಕೆಂಬ ತೀರ್ಮಾನ ಇರುವುದಿಲ್ಲ. 1931ರ ಫೆಬ್ರವರಿ 27ರಂದು ಅಲಹಾಬಾದಿನ ಆಲ್ಫ್ರೆಡ್ ಪಾರ್ಕಿನಲ್ಲಿ ಚಂದ್ರಶೇಖರ ಆಜಾದರು ಕೊನೆಯವರೆಗೂ ಹಿಡಿದು ಹೋರಾಡಿದ ಕೋಲ್ಟ್ ಪಿಸ್ತೂಲೂ ಬ್ರೌನಿಂಗ್ ಅವರ ವಿನ್ಯಾಸವೇ. ಅದನ್ನು ಅಲಹಾಬಾದ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು. ಒಂದೇ ಕಸುಬುದಾರನ ಕೆಲಸ ಒಂದು ಕಡೆ ಜಗತ್ತನ್ನು ಯುದ್ಧಕ್ಕೆ ತಳ್ಳಿತು, ಇನ್ನೊಂದು ಕಡೆ ಸ್ವಾತಂತ್ರ್ಯ ಹೋರಾಟಗಾರನ ಕೈ ಸೇರಿತು.

ಕೆಲಸದ ಮೇಜಿನ ಬಳಿ

ಕೊನೆಗಾಲದಲ್ಲೂ ಅವರು ಬಿಡುವು ಪಡೆಯಲಿಲ್ಲ. ಫ್ರೆಂಚ್ ಸೇನೆಗೆ ಬೇಕಿದ್ದ ಹೊಸ ಪಿಸ್ತೂಲಿನ ಕೆಲಸ ಹಿಡಿದಿದ್ದರು. 1911ರ ಪೇಟೆಂಟ್‌ಗಳು ಕೋಲ್ಟ್ ಕಂಪನಿಯ ಸ್ವತ್ತಾಗಿದ್ದುದರಿಂದ ತಮ್ಮದೇ ಹಳೆಯ ಯೋಚನೆಗಳನ್ನು ಮುಟ್ಟದೆ ಹೊಸ ದಾರಿ ಹುಡುಕಬೇಕಾಯಿತು. 1926ರ ನವೆಂಬರ್ 26ರಂದು ಹರ್ಸ್ಟಾಲ್‌ನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗಲೇ ಎದೆನೋವು ಕಾಣಿಸಿಕೊಂಡು ತೀರಿಕೊಂಡರು. ವಯಸ್ಸು 71. ಹೆಸರಿನಲ್ಲಿ 128 ಪೇಟೆಂಟ್‌ಗಳಿದ್ದವು. ದೇಹವನ್ನು ಆಗ್ಡೆನ್‌ಗೆ ತಂದು ಮಣ್ಣು ಮಾಡಿದರು.

ಅರ್ಧಕ್ಕೆ ನಿಂತ ಪಿಸ್ತೂಲನ್ನು ಎಫ್‌ಎನ್‌ನ ದ್ಯೂಡೊನೆ ಸೇವ್ ಪೂರ್ತಿ ಮಾಡಿ, 13 ತೋಟಾ ಹಿಡಿಸುವ ಮ್ಯಾಗಜಿನ್ ಕೊಟ್ಟರು. 1935ರಲ್ಲಿ ಬಂದ ಅದೇ ಹೈಪವರ್. ನಮ್ಮ ಸೇನೆ, ಪೊಲೀಸರ ಸೊಂಟದಲ್ಲಿ ದಶಕಗಳಿಂದ ಕಾಣುವ, ಬಂಗಾಳದ ಇಶಾಪುರದಲ್ಲಿ ತಯಾರಾಗುವ 9 ಎಂಎಂ ಪಿಸ್ತೂಲು ಅದರದೇ ರೂಪ. ಎರಡು ನಳಿಗೆಗಳನ್ನು ಮೇಲೆ ಕೆಳಗೆ ಜೋಡಿಸಿದ ಅವರ ಕೊನೆಯ ಶಾಟ್‌ಗನ್‌ನ ಉಳಿದ ಕೆಲಸ ಮುಗಿಸಿದವನು ಮಗ ವ್ಯಾಲ್. ಅಪ್ಪನ ಅಂಗಡಿಯಲ್ಲಿ ಶುರುವಾದದ್ದು ಮಗನ ಕೈಗೆ ದಾಟಿತು.

ಯುವ ಸದಸ್ಯರಿಗೆ ನಮ್ಮ ಕಿವಿಮಾತು ಇಷ್ಟೇ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಪರವಾನಗಿಯಿಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿ ಇದ್ದರೂ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಆಯುಧ. ಹಾಗಾಗಿ ಹೊಸ ಮಾದರಿಗಳ ಪಟ್ಟಿಗಿಂತ ಒಳ್ಳೆಯ ತರಬೇತಿ ಕೇಂದ್ರ ಹುಡುಕುವುದು ಮೇಲು.

ಹಿರಿಯ ಸದಸ್ಯರಲ್ಲಿ ಒಂದು ಕೋರಿಕೆ. ನಮ್ಮ ಗಡಿಯೂರುಗಳಲ್ಲೂ ಕೋವಿ ರಿಪೇರಿ ಮಾಡುತ್ತಿದ್ದ, ಮರದ ಹಿಡಿ ಕೆತ್ತುತ್ತಿದ್ದ, ಚರ್ಮದ ತೋಟಾಪಟ್ಟಿ ಹೊಲಿಯುತ್ತಿದ್ದ ಕೈಗಳಿದ್ದವು. ಅವರ ಪೇಟೆಂಟ್ ಎಲ್ಲೂ ದಾಖಲಾಗಿಲ್ಲ. ಅವರ ನೆನಪು ನಿಮ್ಮಲ್ಲಿದ್ದರೆ ಎರಡು ಪುಟ ಬರೆದು ಕಳುಹಿಸಿ, ಈ ಪುಟದಲ್ಲೇ ಪ್ರಕಟಿಸುತ್ತೇವೆ. ಎಲ್ಲ ಸದಸ್ಯರಿಗೂ ಅವರ ಮನೆಯವರಿಗೂ ಆಯುಧಪೂಜೆಯ ಶುಭಾಶಯಗಳು.