ವಸುಧೈಕಬಾಂಧವನ ಎರಡನೆಯ ನಾಡು

ಬೇಲೂರು ಹಳೇಬೀಡುಗಳಿಗೆ ಹೊರಟವರು ರೈಲಿನಿಂದಿಳಿಯುವ ಊರೆಂದೇ ಅರಸೀಕೆರೆ ಇಂದು ಹಲವರಿಗೆ ಪರಿಚಿತ. ಆ ಊರಿನಲ್ಲಿ ಎಂಟು ಶತಮಾನಗಳ ಹಿಂದಿನ ಸಹಸ್ರಕೂಟ ಜಿನಾಲಯವಿದೆ. ಅಲ್ಲಿ ಜಿನಬಿಂಬವನ್ನು ಪ್ರತಿಷ್ಠಾಪಿಸಿದವನು ಆ ಊರಿನವನಲ್ಲ; ಹೊಯ್ಸಳ ರಾಜ್ಯದಲ್ಲಿ ಅಧಿಕಾರಕ್ಕೇರಿದವನೂ ಅಲ್ಲ. ತಾನು ಸೇವೆ ಸಲ್ಲಿಸಿದ ರಾಜ್ಯವೇ ಅಳಿದ ಮೇಲೆ ಪರರಾಜ್ಯಕ್ಕೆ ಬಂದು, ಇಳಿವಯಸ್ಸಿನಲ್ಲಿ ಬಾಳನ್ನು ಮತ್ತೊಮ್ಮೆ ಕಟ್ಟಿಕೊಂಡ ದಂಡನಾಯಕ ರೇಚರಸನೇ ಆ ಪುಣ್ಯಪುರುಷ.

ರೇಚರಸನು ಕಲ್ಯಾಣದ ಕಳಚುರಿಗಳ ದಂಡನಾಯಕನಾಗಿದ್ದವನು. ಇಂದಿನ ಶಿಕಾರಿಪುರದ ಸುತ್ತಲಿನ ನಾಗರಖಂಡದ ಅಧಿಕಾರವು ಅವನ ಕೈಯಲ್ಲಿತ್ತು. ಆ ನಾಡಿನ ಮಾಗುಡಿಯಲ್ಲಿ ಶಂಕರಸಾಮಂತನು ಶಾಂತಿನಾಥನಿಗೆ ಜಿನಾಲಯವೊಂದನ್ನು ಕಟ್ಟಿಸಿದ್ದನು. 1182ರಲ್ಲಿ ರೇಚರಸನು ಅಲ್ಲಿಗೆ ಬಂದು ಜಿನದರ್ಶನ ಮಾಡಿ, ಪೂಜೆಗಾಗಿ ಗ್ರಾಮವೊಂದನ್ನು ದತ್ತಿ ಬಿಟ್ಟನು. ಅವನಿಗೆ ವಸುಧೈಕಬಾಂಧವನೆಂಬ ಬಿರುದು ಇತ್ತು. ಭೂಮಿಗೆಲ್ಲ ತಾನೊಬ್ಬನೇ ನೆಂಟನೆಂಬ ಈ ಹೆಸರು ಅಧಿಕಾರದಲ್ಲಿರುವವನಿಗೆ ಹೊರಲು ಸುಲಭ. ಅದರ ನಿಜವಾದ ಪರೀಕ್ಷೆ ಮುಂದೆ ಕಾದಿತ್ತು.

ಆ ದತ್ತಿಯಾದ ಒಂದೆರಡು ವರ್ಷಗಳಲ್ಲೇ ಕಳಚುರಿಗಳ ಆಳ್ವಿಕೆ ಕುಸಿಯಿತು. ಕಲ್ಯಾಣವು ಚಾಲುಕ್ಯರ ಪಾಲಾಯಿತು. ಸ್ವಲ್ಪ ಕಾಲದಲ್ಲೇ ಆ ಚಾಲುಕ್ಯರೂ ಉಳಿಯಲಿಲ್ಲ. ಒಡೆಯನಿಲ್ಲದ ದಂಡನಾಯಕನಿಗೆ ಪದವಿಯೂ ಇಲ್ಲ, ನಾಡೂ ಇಲ್ಲ. ಐಶ್ವರ್ಯ, ಅಧಿಕಾರ, ಪರಿವಾರ ಯಾವುವೂ ಸ್ಥಿರವಲ್ಲವೆಂದು ಅನಿತ್ಯಾನುಪ್ರೇಕ್ಷೆ ಬೋಧಿಸುತ್ತದೆ. ಬಸದಿಯಲ್ಲಿ ಕುಳಿತು ಕೇಳಿದ ಆ ಮಾತು ರೇಚರಸನ ಬಾಳಿನಲ್ಲಿಯೇ ನಡೆದುಹೋಯಿತು. ಅವನು ಹೊಯ್ಸಳ ವೀರಬಲ್ಲಾಳನ ಆಶ್ರಯಕ್ಕೆ ಬಂದನು.

ಬಂದ ನಾಡು ಜಿನಧರ್ಮಕ್ಕೆ ಹೊಸದಾಗಿರಲಿಲ್ಲ. ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯು ಜಿನಭಕ್ತೆಯಾಗಿದ್ದಳು. ಇಂದಿನ ಹಳೇಬೀಡಾದ ರಾಜಧಾನಿ ದೋರಸಮುದ್ರದಲ್ಲಿ, ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಕಂಗೊಳಿಸುತ್ತಿತ್ತು. ಆದರೂ ಆ ಕೀರ್ತಿಯೆಲ್ಲ ಹೊಯ್ಸಳರ ಮನೆತನಗಳದು. ಹೊರಗಿನಿಂದ ಬಂದವನಿಗೆ ಅದರಲ್ಲಿ ಪಾಲಿರಲಿಲ್ಲ.

ರೇಚರಸನು ಕಳೆದುಹೋದ ಹಿರಿಮೆಯನ್ನು ಹೊಸ ನಾಡಿನಲ್ಲಿ ಹುಡುಕಲಿಲ್ಲ. ಯಾವುದನ್ನು ಯಾವ ರಾಜನೂ ಕಿತ್ತುಕೊಳ್ಳಲಾರನೋ ಅದರಿಂದಲೇ ಆರಂಭಿಸಿದನು. ಶ್ರವಣಬೆಳಗೊಳದ ಬಳಿಯ ಜಿನನಾಥಪುರದಲ್ಲಿ, 1200ರ ಸುಮಾರಿಗೆ, ಶಿಲ್ಪಸಮೃದ್ಧವಾದ ಬಸದಿಯೊಂದನ್ನು ನಿರ್ಮಿಸಿ ಅಲ್ಲಿಯೂ ಶಾಂತಿನಾಥನನ್ನೇ ಪ್ರತಿಷ್ಠಾಪಿಸಿದನು. ನಾಡು ಬದಲಾಗಿತ್ತು, ಅರಸು ಬದಲಾಗಿದ್ದನು. ಮಾಗುಡಿಯಲ್ಲಿ ತಲೆಬಾಗಿದ ತೀರ್ಥಂಕರನು ಬದಲಾಗಲಿಲ್ಲ. ಆ ಬಸದಿಯನ್ನು ಅವನು ಒಪ್ಪಿಸಿದ್ದು ಕೊಲ್ಲಾಪುರದ ಸಾವಂತ ಬಸದಿಯ ಗುರುಪರಂಪರೆಗೆ ಸೇರಿದ ಸಾಗರನಂದಿ ಸಿದ್ಧಾಂತದೇವರಿಗೆ. ರಾಜ್ಯಗಳ ಗಡಿ ಮುನಿಸಂಘಕ್ಕೆ ಗಡಿಯಾಗಿರಲಿಲ್ಲ.

1220ರಲ್ಲಿ ಅವನ ಬಾಳಿನ ಹಿರಿಯ ಕಾರ್ಯ ಅರಸೀಕೆರೆಯಲ್ಲಿ ನೆರವೇರಿತು. ಮಾಗುಡಿಯ ದತ್ತಿಗೆ ಆಗ ಮೂವತ್ತೆಂಟು ವರ್ಷ ಸಂದಿತ್ತು, ರೇಚರಸನು ವೃದ್ಧನಾಗಿದ್ದನು. ಸಹಸ್ರಕೂಟವೆಂದರೆ ಪುಟ್ಟ ಪುಟ್ಟ ಜಿನಬಿಂಬಗಳು ಹಂತಹಂತವಾಗಿ ಮೇಲೇರುತ್ತ ನಾಲ್ಕು ದಿಕ್ಕಿಗೂ ಮುಖಮಾಡಿರುವ ಕೂಟ. ಯಾವ ದಿಕ್ಕಿನಿಂದ ಬಂದವನಿಗೂ ಅಲ್ಲಿ ಜಿನನ ಮುಖವೇ ಕಾಣುತ್ತದೆ, ಬೆನ್ನಲ್ಲ. ಪರಸ್ಥಳದಿಂದ ಬಂದವನೊಬ್ಬನು ಊರಿಗೆ ಕೊಡಬಹುದಾದ ಕಾಣಿಕೆ ಇದಕ್ಕಿಂತ ಯೋಗ್ಯವಾದುದು ಯಾವುದು?

ಈ ಬಿಂಬಕ್ಕಾಗಿ ಅವನು ಬಲ್ಲಾಳನಿಂದ ಹಳ್ಳಿಯೊಂದನ್ನು ಪಡೆದನು. ಆಶ್ರಿತನು ಅರಸನಿಂದ ಭೂಮಿ ಪಡೆಯುವುದು ಸಾಮಾನ್ಯ. ಆದರೆ ಅದನ್ನು ಅವನು ತನಗಾಗಿ ಇಟ್ಟುಕೊಳ್ಳಲಿಲ್ಲ. ದೇವರ ಅಷ್ಟವಿಧಾರ್ಚನೆಗೆ, ಅರ್ಚಕರ ಮತ್ತು ಪರಿಚಾರಕರ ಜೀವನಕ್ಕೆ, ಜಿನಾಲಯದ ಜೀರ್ಣೋದ್ಧಾರಕ್ಕೆಂದು ನಿಯಮಿಸಿ, ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನು. ಊರಿನ ಭವ್ಯಜನರೂ ಈ ಧರ್ಮಕಾರ್ಯದಲ್ಲಿ ಕೈಗೂಡಿಸಿದರು. ಹೊರಗಿನವನು ಆರಂಭಿಸಿದ್ದು ಊರಿನದೇ ಆಯಿತು; ಅದರೊಡನೆ ಅವನೂ ಊರಿನವನಾದನು.

ಅದೇ ವರ್ಷ ವೀರಬಲ್ಲಾಳನ ದೀರ್ಘ ಆಳ್ವಿಕೆಯೂ ಮುಗಿಯಿತು. ಆಶ್ರಯ ಕೊಟ್ಟ ಅರಸನೂ ಅನಿತ್ಯವೇ. ಮುಂದೆ ಹೊಯ್ಸಳರ ರಾಜಧಾನಿಯೇ ಹಾಳುಬಿದ್ದು ಹಳೇಬೀಡಾಯಿತು. ಸಹಸ್ರಕೂಟ ಜಿನಾಲಯ ಇಂದಿಗೂ ನಿಂತಿದೆ.

ಮಕ್ಕಳು ನೆಲೆಸಿದ ದೂರದೇಶಕ್ಕೆ ನಿವೃತ್ತಿಯ ನಂತರ ಹೊರಡುವ ತಂದೆತಾಯಿಗಳು ಇಂದು ಅನೇಕರು. ಅಲ್ಲಿ ಹಿಂದಿನ ಹುದ್ದೆಯನ್ನು ಬಲ್ಲವರಿಲ್ಲ, ಬೀದಿಯಲ್ಲಿ ಹೆಸರು ಹಿಡಿದು ಮಾತನಾಡಿಸುವವರಿಲ್ಲ. ಹೊಸ ನೆಲ ತನಗೇನು ಕೊಟ್ಟೀತೆಂದು ಕಾಯುವ ಮನಸ್ಸಿಗೆ ಆ ನೆಲ ಕೊನೆಯವರೆಗೂ ಪರದೇಶವೇ. ನಿತ್ಯದ ಸ್ವಾಧ್ಯಾಯ, ಸಾಮಾಯಿಕಗಳನ್ನು ಜೊತೆಗೊಯ್ದು, ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ದಾನಗಳಲ್ಲಿ ತನ್ನಿಂದ ಸಾಧ್ಯವಾದಷ್ಟನ್ನು ನೆರೆಯವರಿಗೆ ನೀಡುವ ಶ್ರಾವಕನಿಗೆ ಅದೇ ನೆಲ ಮನೆಯಾಗುತ್ತದೆ. ವಸುಧೈಕಬಾಂಧವನೆಂಬ ಬಿರುದನ್ನು ಅರಸರು ಕೊಡಬಹುದು. ರೇಚರಸನು ಅದಕ್ಕೆ ಅರ್ಹನಾದದ್ದು, ಸ್ವಂತ ನಾಡನ್ನು ಕಳೆದುಕೊಂಡ ಮೇಲೂ ಕೊಡುವುದನ್ನು ಬಿಡದಿದ್ದುದರಿಂದ.