ಡಾ. ಕೋಲ್ಮನ್ ಮತ್ತು ಔಷಧಿಗೆ ನಿಲುಕದ ಬೇರಿನ ರೋಗ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಭಾಗದ ಅಡಿಕೆ ಬೆಳೆಗಾರರು ಮುಂಗಾರಿಗೆ ಮುನ್ನ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಇಂದು ಸಾಮಾನ್ಯ ರೂಢಿ. ಹಳೆಯ ಮೈಸೂರು ಸಂಸ್ಥಾನದ ತೋಟಗಳಲ್ಲಿ ಈ ಪದ್ಧತಿಯನ್ನು ನೆಲೆಗೊಳಿಸಿದವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಆದರೆ ಸಂಸ್ಥಾನದ ಸಸ್ಯರೋಗ ಮಾಲಿಕೆಯಲ್ಲಿ ಅವರ ಮೊದಲ ಪ್ರಕಟಣೆ ಅಡಿಕೆಯ ಕೊಳೆರೋಗವನ್ನು ಕುರಿತದ್ದಲ್ಲ. 1909ರಲ್ಲಿ ಹೊರಬಂದ ಅದು ಆಲೂಗಡ್ಡೆಯ ಉಂಗುರ ರೋಗವನ್ನು ಕುರಿತದ್ದು. ಹಸಿರುಮನೆಯಲ್ಲಿ ಮಣ್ಣಿಲ್ಲದೆ ಟೊಮ್ಯಾಟೊ ಬೆಳೆಯಲು ಹೊರಟಿರುವ ರೈತರಿಗೆ ಅವರ ಈ ಕಡಿಮೆ ಪರಿಚಿತ ಕೆಲಸವೇ ಹೆಚ್ಚು ಹತ್ತಿರದ್ದು.

ಕೋಲ್ಮನ್ 1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದರು. ಮಣ್ಣಿನಲ್ಲಿ ಅಮೋನಿಯವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ದುಂಡಾಣುಗಳ ಮೇಲಿನ ಅವರ ಸಂಶೋಧನೆ 1908ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಹುದ್ದೆಯ ಹೆಸರು ಏನೇ ಇರಲಿ, ಮಣ್ಣಿನ ದುಂಡಾಣುಗಳನ್ನು ಬಲ್ಲವರೊಬ್ಬರು ಬಂದದ್ದು ಸಂಸ್ಥಾನದ ಅದೃಷ್ಟವೆನ್ನಬೇಕು.

ಉಂಗುರ ರೋಗ ತಗುಲಿದ ಆಲೂಗಡ್ಡೆಯನ್ನು ಅಡ್ಡ ಕೊಯ್ದರೆ ಸಿಪ್ಪೆಯ ಒಳಗೆ ಕಂದು ಬಣ್ಣದ ಬಳೆಯೊಂದು ಕಾಣುತ್ತದೆ. ಒತ್ತಿದರೆ ಅದರಿಂದ ಅಂಟು ದ್ರವ ಜಿನುಗುತ್ತದೆ. ಅಮೆರಿಕದ ಎರ್ವಿನ್ ಸ್ಮಿತ್ ಅವರು 1896ರಲ್ಲಿ ಟೊಮ್ಯಾಟೊ, ಬದನೆ, ಆಲೂಗಡ್ಡೆಗಳಲ್ಲಿ ವಿವರಿಸಿದ್ದ ದುಂಡಾಣು ಸೊರಗು ರೋಗವೇ ಇದು. ಇದರ ರೋಗಾಣುವಿಗೆ ಇಂದಿನ ಹೆಸರು ರಾಲ್ಸ್ಟೋನಿಯಾ ಸೊಲನೇಸಿಯಾರಮ್. ಶುಂಠಿಯ ಹಸಿ ಸೊರಗು ರೋಗಕ್ಕೂ ಇದೇ ಗುಂಪಿನ ದುಂಡಾಣು ಕಾರಣ.

ಮರುವರ್ಷ, 1910ರಲ್ಲಿ, ಕೋಲ್ಮನ್ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಮಲೆನಾಡಿನ ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಪಾಡಿಕೊಳ್ಳುತ್ತಿದ್ದರು. ಮೈಲುತುತ್ತ ಮತ್ತು ಸುಣ್ಣದ ಲೇಪನ ಆ ಕೆಲಸವನ್ನು ಸುಲಭಗೊಳಿಸಿತು. ಕೊಳೆರೋಗದ ಶಿಲೀಂಧ್ರ ಕಾಯಿಯ ಹೊರಮೈಯಿಂದ ಒಳನುಗ್ಗುತ್ತದೆ. ಆದುದರಿಂದ ಹೊರಮೈಯನ್ನು ಔಷಧಿ ಕಾಯಬಲ್ಲದು. ಸೊರಗು ರೋಗದ ದುಂಡಾಣುವಾದರೋ ಬೇರಿನ ಗಾಯದ ಮೂಲಕ ಒಳಹೊಕ್ಕು, ನೀರು ಸಾಗಿಸುವ ನಾಳಗಳಲ್ಲಿ ಬೆಳೆದು ಅವನ್ನೇ ಮುಚ್ಚಿಬಿಡುತ್ತದೆ. ಸಿಂಪರಣೆ ಅಲ್ಲಿಗೆ ತಲುಪದು. ಕೊಳೆರೋಗದ ಔಷಧಿ ಮನೆಮಾತಾಯಿತು. ಔಷಧಿಯಿಲ್ಲದ ಉಂಗುರ ರೋಗದ ಪ್ರಕಟಣೆ ಮರೆವಿಗೆ ಸರಿಯಿತು.

ಮಣ್ಣನ್ನು ಬಿಟ್ಟರೆ ಈ ರೋಗವನ್ನೂ ಬಿಟ್ಟಂತೆ ಎಂಬ ನಂಬಿಕೆ ಜಲಕೃಷಿಯಲ್ಲಿ ಪ್ರಚಲಿತವಾಗಿದೆ. ವಾಸ್ತವದಲ್ಲಿ ಮಣ್ಣಿನಲ್ಲಿ ಸಾಲಿನಿಂದ ಸಾಲಿಗೆ ನಿಧಾನವಾಗಿ ಸಾಗುವ ದುಂಡಾಣು, ಒಂದೇ ಪೋಷಕ ದ್ರಾವಣ ಎಲ್ಲ ಗಿಡಗಳ ಬೇರುಗಳನ್ನು ಸುತ್ತಿ ಮರಳುವ ವ್ಯವಸ್ಥೆಯಲ್ಲಿ ಬಹುಬೇಗ ಎಲ್ಲೆಡೆ ಹರಡಬಲ್ಲದು. ದ್ರಾವಣದ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದರೆ ಅದಕ್ಕೆ ಇನ್ನಷ್ಟು ಅನುಕೂಲ. ಆದಕಾರಣ ತೊಟ್ಟಿಯನ್ನು ನೆರಳಿನಲ್ಲಿ ಮುಚ್ಚಿಡುವುದು ಅವಶ್ಯ. ಸೊರಗು ಪೀಡಿತ ಹೊಲಗಳ ಬಸಿನೀರು ಸೇರುವ ಕಾಲುವೆ, ಕೆರೆಗಳ ನೀರನ್ನು ಶುದ್ಧೀಕರಿಸದೆ ಬಳಸಬಾರದು. ಮರಳಿ ಬರುವ ದ್ರಾವಣವನ್ನು ನಿಧಾನಗತಿಯ ಮರಳು ಶೋಧಕ ಇಲ್ಲವೆ ನೇರಳಾತೀತ ಕಿರಣದ ಘಟಕದ ಮೂಲಕ ಹಾಯಿಸಬೇಕು.

ಹಸಿರಾಗಿದ್ದಂತೆಯೇ ಗಿಡ ಮಧ್ಯಾಹ್ನ ಬಾಡಿದರೆ, ಬುಡದ ಕಾಂಡವನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಡಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಇಳಿದರೆ ಸಂದೇಹಕ್ಕೆ ಎಡೆಯಿಲ್ಲ. ಆ ಗಿಡವನ್ನು ಬೇರು ಹರಿಯದಂತೆ ಚೀಲ ಸಮೇತ ಹೊರಸಾಗಿಸಿ, ದ್ರಾವಣದ ಮರುಬಳಕೆಯನ್ನು ತಕ್ಷಣ ನಿಲ್ಲಿಸಬೇಕು. ತೊಟ್ಟಿಗೆ ತಾಮ್ರದ ಔಷಧಿ ಬೆರೆಸಿದರೆ ಬೇರುಗಳಿಗೇ ವಿಷವಾದೀತು. ಪ್ರತಿಜೀವಕಗಳು ಸೊರಗಿದ ಗಿಡವನ್ನು ಉಳಿಸಲಾರವು. ಬೆಳೆ ಮುಗಿದ ಮೇಲೆ ತೆಂಗಿನ ನಾರಿನ ಪುಡಿಯನ್ನು ಮತ್ತೆ ಬಳಸದೆ, ಕೊಳವೆ ಮತ್ತು ತೊಟ್ಟಿಗಳನ್ನು ಕ್ಲೋರಿನ್ ದ್ರಾವಣದಿಂದ ತೊಳೆಯಬೇಕು. ಮುಂದಿನ ಬೆಳೆಗೆ ಸುಂಡೆಯಂಥ ನಿರೋಧಕ ಬೇರುಸಸ್ಯದ ಮೇಲೆ ಕಸಿಮಾಡಿದ ಸಸಿಗಳನ್ನಾಗಲಿ, ಅರ್ಕಾ ರಕ್ಷಕ್‌ನಂಥ ನಿರೋಧಕ ತಳಿಯನ್ನಾಗಲಿ ಆರಿಸಿಕೊಳ್ಳಬಹುದು. ಸಾಲ ಮಾಡಿ ಕಟ್ಟಿದ ಪಾಲಿಹೌಸಿನಲ್ಲಿ ಕಸಿ ಸಸಿಯ ಹೆಚ್ಚುವರಿ ಬೆಲೆ ದೊಡ್ಡದೆನಿಸಬಾರದು.

ಕೋಲ್ಮನ್ 1913ರಲ್ಲಿ ಸಂಸ್ಥಾನದ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ ಆರಂಭವಾದದ್ದೂ ಆ ವರ್ಷವೇ. ಜಗಳೂರಿನಂಥ ಒಣಭೂಮಿಯ ರೈತರಿಗೆ ಮುಖ್ಯವಾದ ಜೋಳದ ರೆಕ್ಕೆರಹಿತ ಮಿಡತೆಯನ್ನೂ ಅವರು ಅಧ್ಯಯನ ಮಾಡಿದರು. ಅದರ ಶಾಸ್ತ್ರೀಯ ನಾಮ ಕೋಲ್ಮೇನಿಯಾ ಎಂಬುದು ಅವರ ಹೆಸರಿನಿಂದಲೇ ಬಂದಿದೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಗೊಂಡವು. ಎರಡರ ಹಿಂದೆಯೂ ಅವರ ಶ್ರಮವಿತ್ತು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಅವರು 1954ರಲ್ಲಿ ನಿಧನರಾದರು. ಅವರ ಕಾಲದ ಹೆಬ್ಬಾಳದ ಶಾಲೆ 1946ರಲ್ಲಿ ಕೃಷಿ ಕಾಲೇಜಾಗಿ, ಮುಂದೆ 1964ರಲ್ಲಿ ಕೃಷಿ ವಿಶ್ವವಿದ್ಯಾಲಯಕ್ಕೆ ನೆಲೆಯಾಯಿತು.