ಸೊಲ್ಲಾಪುರದ ಶೇಠ ವಾಲಚಂದ ಹಿರಾಚಂದ ದೋಶಿ: ದೊಡ್ಡವರ ಪೈಪೋಟಿಗೆ ಎದುರು ನಿಂತ ಜೈನ ಉದ್ಯಮಿ

ಇಂಡಿ ತಾಲೂಕಿನಿಂದ ಭೀಮಾ ನದಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಇಂಡಿ, ಸಿಂದಗಿ ಕಡೆಯ ಜನರಿಗೆ ಸೊಲ್ಲಾಪುರ ಬೇರೆ ರಾಜ್ಯದ ಊರು ಎಂದು ಎಂದೂ ಅನಿಸಿಲ್ಲ. ಬಟ್ಟೆ ಖರೀದಿಗೆ, ದವಾಖಾನೆಗೆ, ಕಾಲೇಜಿಗೆ, ಕೂಲಿಗೆ ಅಲ್ಲಿಗೆ ಹೋಗಿಬರುವುದು ತಲೆತಲಾಂತರದ ರೂಢಿ. ಆ ಊರಿನ ದಿಗಂಬರ ಜೈನ ಮನೆತನದಲ್ಲಿ ಹುಟ್ಟಿ, ಹಡಗು, ವಿಮಾನ, ಮೋಟಾರು ಈ ಮೂರೂ ಉದ್ಯಮಗಳಿಗೆ ಭಾರತದಲ್ಲಿ ಬುನಾದಿ ಹಾಕಿದವರು ಶೇಠ ವಾಲಚಂದ ಹಿರಾಚಂದ ದೋಶಿ. ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ ಆರಂಭವಾದದ್ದು ಇವರಿಂದಲೇ ಎಂಬುದು ಸಮಾಜದ ಅನೇಕ ಯುವಕರಿಗೆ ತಿಳಿದಿಲ್ಲ.

ಮನೆತನ ಮತ್ತು ಬಾಲ್ಯ

ವಾಲಚಂದರು ಹುಟ್ಟಿದ್ದು 1882ರ ನವೆಂಬರ್ 23ರಂದು. ಪೂರ್ವಜರು ಗುಜರಾತಿನ ಸೌರಾಷ್ಟ್ರ ಭಾಗದಿಂದ ವ್ಯಾಪಾರಕ್ಕಾಗಿ ದಕ್ಷಿಣಕ್ಕೆ ಬಂದು ನೆಲೆಸಿದವರು. ತಂದೆ ಹಿರಾಚಂದ ನೇಮಚಂದ ದೋಶಿಯವರದು ಹತ್ತಿ ವ್ಯಾಪಾರ ಮತ್ತು ಲೇವಾದೇವಿ. ಅವರು ಬರೀ ವ್ಯಾಪಾರಿಯಾಗಿರಲಿಲ್ಲ. ಶಾಸ್ತ್ರಾಭ್ಯಾಸ ಮಾಡಿದವರು, ಸಮಾಜ ಸುಧಾರಕರು, ಮರಾಠಿಯಲ್ಲಿ ಜೈನ ಬೋಧಕ ಪತ್ರಿಕೆಯನ್ನು ಆರಂಭಿಸಿದವರು.

ವಾಲಚಂದರು ಸೊಲ್ಲಾಪುರದಲ್ಲಿ ಶಾಲೆ ಮುಗಿಸಿ ಮುಂಬಯಿ ಮತ್ತು ಪುಣೆಯಲ್ಲಿ ಕಾಲೇಜು ಸೇರಿದರು. ಪದವಿ ಮುಗಿಯುವ ಮೊದಲೇ ಮನೆಯ ವ್ಯವಹಾರಕ್ಕೆ ಮರಳಬೇಕಾಯಿತು. ಆದರೆ ಗಾದಿಯ ಮೇಲೆ ಕುಳಿತು ಬಡ್ಡಿ ಲೆಕ್ಕ ಬರೆಯುವುದು ಅವರ ಸ್ವಭಾವಕ್ಕೆ ಒಗ್ಗಲಿಲ್ಲ.

ಗುತ್ತಿಗೆಯ ಕೆಲಸ

ಆ ಕಾಲದಲ್ಲಿ ನಾಡಿನ ಪೇಟೆಗಳನ್ನು ಬದಲಿಸುತ್ತಿದ್ದದ್ದು ರೈಲು. 1880ರ ದಶಕದಲ್ಲಿ ಹೊಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ಮೀಟರ್ ಗೇಜ್ ದಾರಿ ಬಿತ್ತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳಲ್ಲಿ ಏರಿದ ಮಾಲು ಹೊಟಗಿಯಲ್ಲಿ ಇಳಿದು, ಬ್ರಾಡ್ ಗೇಜ್ ಡಬ್ಬಿ ಏರಿ ಮುಂಬಯಿಗೆ ಹೋಗುತ್ತಿತ್ತು. ಸಿಂದಗಿ, ಮುದ್ದೇಬಿಹಾಳದ ಹತ್ತಿ ಮೊದಲು ಎತ್ತಿನ ಗಾಡಿಯಲ್ಲಿ ರೈಲಿನ ತನಕ ಸಾಗಬೇಕಿತ್ತು. ಗಾಡಿ ಬಾಡಿಗೆ, ಹಮಾಲಿ, ರೈಲು ಬಾಡಿಗೆ, ಕೊನೆಗೆ ಹಡಗಿನ ಬಾಡಿಗೆ ಇವೆಲ್ಲ ಕಳೆದು ಉಳಿದದ್ದೇ ರೈತನ ಕೈಗೆ ಬರುವ ದರ. ಸಾಗಣೆ ಯಾರ ಕೈಯಲ್ಲಿದೆಯೋ ವ್ಯಾಪಾರ ಅವರ ಕೈಯಲ್ಲಿ ಎಂಬುದು ಈ ಭಾಗದ ಅಡತ ವ್ಯಾಪಾರಿಗಳಿಗೆಲ್ಲ ಗೊತ್ತಿದ್ದ ಮಾತು. ವಾಲಚಂದರ ಇಡೀ ಜೀವನ ಈ ಒಂದು ಮಾತಿನ ಸುತ್ತ ನಡೆಯಿತು.

ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಂತರ ಗುತ್ತಿಗೆದಾರರಾದ ಲಕ್ಷ್ಮಣರಾವ್ ಫಾಟಕ ಎಂಬವರ ಜೊತೆ ಅವರು ಪಾಲುದಾರಿಕೆ ಮಾಡಿದರು. ಫಾಟಕರಿಗೆ ಕೆಲಸದ ಅನುಭವವಿತ್ತು, ವಾಲಚಂದರ ಮನೆತನಕ್ಕೆ ಪೇಟೆಯಲ್ಲಿ ಪತ್ತು ಇತ್ತು. ಬಾರ್ಸಿ ಲೈಟ್ ರೈಲ್ವೆಯ ಕೆಲಸದಿಂದ ಇವರ ಗುತ್ತಿಗೆ ಆರಂಭವಾಯಿತು. ಒಪ್ಪಿದ ದಿನಕ್ಕೆ ಕೆಲಸ ಮುಗಿಸಿಕೊಡುವವರು ಎಂಬ ಹೆಸರು ಬಂದ ಮೇಲೆ ದೊಡ್ಡ ದೊಡ್ಡ ಕೆಲಸಗಳು ಹುಡುಕಿಕೊಂಡು ಬಂದವು. ಮುಂದೆ ಮುಂಬಯಿ-ಪುಣೆ ನಡುವಿನ ಭೋರ್ ಘಾಟಿನ ಸುರಂಗಗಳು, ಮುಂಬಯಿಗೆ ನೀರು ತರುವ ತಾನ್ಸಾ ಕೊಳವೆ ಮಾರ್ಗ ಇವರ ಕಂಪನಿಗಳ ಕೈಯಿಂದ ಆದವು.

ಹಡಗಿನ ಸಾಹಸ

ಮೊದಲ ಮಹಾಯುದ್ಧ ಮುಗಿದಾಗ ಗ್ವಾಲಿಯರ್ ಮಹಾರಾಜ ಸಿಂಧಿಯಾ ಅವರ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿತ್ತು. ಮೊದಲು ಕೆನಡಾದ ಕಂಪನಿಯೊಂದರ ಪ್ರಯಾಣಿಕ ಹಡಗಾಗಿದ್ದ ಅದು ಯುದ್ಧದಲ್ಲಿ ಆಸ್ಪತ್ರೆ ಹಡಗಾಗಿ ದುಡಿದಿತ್ತು. ಸುದ್ದಿ ಕಿವಿಗೆ ಬಿದ್ದ ಕೂಡಲೇ ವಾಲಚಂದರು ನರೋತ್ತಮ ಮೊರಾರ್ಜಿ, ಕಿಲಾಚಂದ ದೇವಚಂದ, ಲಲ್ಲೂಭಾಯಿ ಸಾಮಳದಾಸ ಇವರನ್ನು ಜೊತೆಗೂಡಿಸಿ ಹಡಗನ್ನು ಕೊಂಡರು. ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಹುಟ್ಟಿತು. 1919ರ ಏಪ್ರಿಲ್ 5ರಂದು ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು 1964ರಿಂದ ರಾಷ್ಟ್ರೀಯ ನೌಕಾಯಾನ ದಿನವಾಗಿ ಆಚರಿಸಲಾಗುತ್ತಿದೆ.

ಹಡಗು ಕೊಳ್ಳುವುದು ಸುಲಭವಿತ್ತು, ನಡೆಸುವುದು ಕಷ್ಟವಿತ್ತು. ಆಗ ಭಾರತದ ಕರಾವಳಿ ಬ್ರಿಟಿಷ್ ಇಂಡಿಯಾ ಕಂಪನಿಯ ಹಿಡಿತದಲ್ಲಿತ್ತು. ಲಾರ್ಡ್ ಇಂಚ್‌ಕೇಪ್ ಅದರ ಯಜಮಾನ. ಇದಕ್ಕೂ ಮೊದಲು 1906ರಲ್ಲಿ ತೂತ್ತುಕುಡಿಯಲ್ಲಿ ವಿ. ಓ. ಚಿದಂಬರಂ ಪಿಳ್ಳೆಯವರು ಸ್ವದೇಶಿ ಹಡಗು ಕಂಪನಿ ಮಾಡಿದಾಗ, ಬಿಳಿಯರ ಕಂಪನಿ ಪ್ರಯಾಣ ದರವನ್ನು ಪಾತಾಳಕ್ಕೆ ಇಳಿಸಿತ್ತು. ಪಿಳ್ಳೆಯವರು ಜೈಲಿಗೆ ಹೋದರು, ಕೆಲವೇ ವರ್ಷಗಳಲ್ಲಿ ಅವರ ಕಂಪನಿ ಮುಚ್ಚಿತು. ಸಿಂಧಿಯಾ ಕಂಪನಿಯ ಮೇಲೂ ಅದೇ ಅಸ್ತ್ರ ಬಂತು. ರಂಗೂನಿನಿಂದ ಮುಂಬಯಿಗೆ ಅಕ್ಕಿ ತರುವ ಬಾಡಿಗೆಯನ್ನು ನಷ್ಟ ತಡೆದುಕೊಂಡಾದರೂ ಇಳಿಸಿದರು. ಎರಡನೆಯ ಅಸ್ತ್ರ ರಿಬೇಟು. ವರ್ತಕನು ಕೊಟ್ಟ ಬಾಡಿಗೆಯ ಒಂದು ಪಾಲನ್ನು ಕೂಡಲೇ ಬಿಡದೆ ಕೆಲವು ತಿಂಗಳ ನಂತರ ಹಿಂದಿರುಗಿಸುವುದು. ಆ ಅವಧಿಯಲ್ಲಿ ಅವನು ಬೇರೆಯವರ ಹಡಗಿಗೆ ಮಾಲು ಹಾಕಿದರೆ ಆ ಹಣ ಹೋಯಿತು. ಹೀಗಾಗಿ ಸ್ವದೇಶಿ ಎಂದು ಬಾಯಲ್ಲಿ ಹೊಗಳಿದ ವರ್ತಕರೂ ಮಾಲು ಕೊಡಲು ಹೆದರಿದರು.

ಲಾಯಲ್ಟಿ ಹಡಗು ಲಾಭ ತರಲಿಲ್ಲ. 1923ರಲ್ಲಿ ಅದನ್ನು ಒಡೆಯಲು ಮಾರಬೇಕಾಯಿತು. ಕಂಪನಿಯನ್ನೇ ಕೊಂಡುಬಿಡುತ್ತೇವೆ ಎಂದು ಎದುರಾಳಿಗಳು ಮುಂದೆ ಬಂದಾಗ ವಾಲಚಂದರು ಮತ್ತು ಪಾಲುದಾರರು ಒಪ್ಪಲಿಲ್ಲ. ಆದರೆ ಕುರುಡು ಹಟವನ್ನೂ ಹಿಡಿಯಲಿಲ್ಲ. ಅದೇ ವೇಳೆಗೆ ಹತ್ತು ವರ್ಷದ ಒಪ್ಪಂದಕ್ಕೆ ಬಂದರು. ಕರಾವಳಿಯ ಸರಕು ಮಾತ್ರ ಸಾಗಿಸಬೇಕು, ಹಡಗುಗಳ ಒಟ್ಟು ತೂಕಕ್ಕೆ ಮಿತಿ ಇರಬೇಕು ಎಂಬ ಕಟ್ಟಳೆಗಳು ಕಹಿಯಾಗಿದ್ದವು. ಅದಕ್ಕೆ ಬದಲಾಗಿ ದರ ಇಳಿಸುವ ಯುದ್ಧ ನಿಂತಿತು, ಕಂಪನಿ ಉಸಿರಾಡಿತು. ಸೋಲು ಎಂದವರಿದ್ದರು. ಆದರೆ ಪಿಳ್ಳೆಯವರ ಕಂಪನಿ ಮುಳುಗಿತು, ಇದು ಉಳಿಯಿತು ಎಂಬುದನ್ನು ಮರೆಯಬಾರದು. 1929ರಲ್ಲಿ ನರೋತ್ತಮ ಮೊರಾರ್ಜಿಯವರು ತೀರಿಕೊಂಡ ಮೇಲೆ ವಾಲಚಂದರೇ ಅಧ್ಯಕ್ಷರಾಗಿ 1950ರ ತನಕ ಅದನ್ನು ನಡೆಸಿದರು.

ಇದರ ಫಲ ದುಡಿಯುವವರಿಗೂ ಸಿಕ್ಕಿತು. ಅದುವರೆಗೆ ಹಡಗಿನಲ್ಲಿ ಭಾರತೀಯರೆಂದರೆ ಖಲಾಸಿಗಳು ಮತ್ತು ಇದ್ದಿಲು ಹಾಕುವವರು, ಅಧಿಕಾರಿಗಳು ಬಿಳಿಯರು. 1927ರಲ್ಲಿ ಡಫರಿನ್ ತರಬೇತಿ ಹಡಗು ಆರಂಭವಾದಾಗ ಅಲ್ಲಿ ಕಲಿತ ಹುಡುಗರಿಗೆ ಅಧಿಕಾರಿಯ ಕೆಲಸ ಕೊಡಲು ಸ್ವದೇಶಿ ಕಂಪನಿಯೊಂದು ಇತ್ತು.

ಸಕ್ಕರೆ ಮತ್ತು ವಾಲಚಂದನಗರ

1930ರ ಸುಮಾರಿಗೆ ಜಗತ್ತಿನಲ್ಲೆಲ್ಲ ಮಂದಿ ಬಂತು, ಬೆಳೆಗಳ ದರ ಬಿದ್ದವು. ಜಾವಾ ದ್ವೀಪದ ಅಗ್ಗದ ಸಕ್ಕರೆ ನಮ್ಮ ಪೇಟೆಗಳನ್ನು ತುಂಬಿತ್ತು. 1932ರಲ್ಲಿ ಸರಕಾರ ಹೊರಗಿನ ಸಕ್ಕರೆಯ ಮೇಲೆ ಸುಂಕ ಹಾಕಿ ದೇಶಿ ಉದ್ಯಮಕ್ಕೆ ರಕ್ಷಣೆ ಕೊಟ್ಟಿತು. ಅವಕಾಶವನ್ನು ಗುರುತಿಸಿದ ವಾಲಚಂದರು ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನ ಕಳಂಬ ಗ್ರಾಮದಲ್ಲಿ ನೀರಾ ಕಾಲುವೆಯ ನೀರು ನೆಚ್ಚಿ ಕಬ್ಬಿನ ತೋಟ, ಸಕ್ಕರೆ ಕಾರ್ಖಾನೆ ಕಟ್ಟಿದರು. ಆ ನೀರಾ ನದಿ ಭೀಮೆಯನ್ನು ಸೇರಿ ಮುಂದೆ ನಮ್ಮ ಇಂಡಿ ತಾಲೂಕಿನ ಗಡಿಗೆ ಬರುತ್ತದೆ. ಊರಿಗೆ ವಾಲಚಂದನಗರ ಎಂಬ ಹೆಸರೇ ನಿಂತಿತು. ಕಾರ್ಖಾನೆಯ ಜೊತೆ ಕಾರ್ಮಿಕರ ಮನೆಗಳು, ಶಾಲೆಗಳು ಬೆಳೆದವು. ಮುಂದೆ ಇದೇ ಊರು ಸಕ್ಕರೆ ಕಾರ್ಖಾನೆಗಳಿಗೆ ಯಂತ್ರಗಳನ್ನು ಮಾಡಿತು, ಇಸ್ರೋ ಸಂಸ್ಥೆಗೂ ಭಾಗಗಳನ್ನು ಮಾಡಿಕೊಟ್ಟಿತು. ನಾಶಿಕ ಜಿಲ್ಲೆಯ ರಾವಳಗಾಂವದಲ್ಲಿಯೂ ಅವರ ಸಕ್ಕರೆ ಉದ್ಯಮ ನಡೆಯಿತು. ರಾವಳಗಾಂವ ಪೆಪ್ಪರ್‌ಮಿಂಟು ಸವಿಯದ ಮಕ್ಕಳು ನಮ್ಮ ಭಾಗದಲ್ಲಿ ಕಡಿಮೆ.

ಬೆಂಗಳೂರಿನ ವಿಮಾನ ಕಾರ್ಖಾನೆ

ಮೋಟಾರು ಕಾರ್ಖಾನೆಗಾಗಿ ವಾಲಚಂದರು ಮೊದಲು ಸರ್ ಎಂ. ವಿಶ್ವೇಶ್ವರಯ್ಯನವರ ಜೊತೆ ಸೇರಿ ಪ್ರಯತ್ನಿಸಿದರು. ಮೈಸೂರು ಸರಕಾರ ನೆರವಿಗೆ ಸಿದ್ಧವಿದ್ದರೂ ಬ್ರಿಟಿಷ್ ಸರಕಾರ ಅಡ್ಡ ಬಂದು ಆ ಯೋಜನೆ ನಿಂತಿತು.

ವಿಮಾನದ ವಿಷಯದಲ್ಲಿ ಹಾಗಾಗಲಿಲ್ಲ. 1939ರಲ್ಲಿ ಅಮೆರಿಕ ಪ್ರವಾಸದಲ್ಲಿ ವಿಲಿಯಂ ಪಾಲಿ ಎಂಬ ವಿಮಾನ ಉದ್ಯಮಿಯ ಪರಿಚಯವಾಯಿತು. ಎರಡನೆಯ ಮಹಾಯುದ್ಧ ನಡೆದಿದ್ದರಿಂದ ಸರಕಾರಕ್ಕೂ ವಿಮಾನ ಬೇಕಿತ್ತು. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ತಡ ಮಾಡದೆ ಬೆಂಗಳೂರಿನಲ್ಲಿ 700 ಎಕರೆ ಭೂಮಿ ಕೊಟ್ಟರು. ಸಂಸ್ಥಾನ 25 ಲಕ್ಷ ರೂಪಾಯಿ ಬಂಡವಾಳ ಹಾಕಿತು. ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಉಕ್ಕು, ಟಾಟಾ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಇಲ್ಲಿದ್ದದ್ದು ಅನುಕೂಲವಾಯಿತು. 1940ರ ಡಿಸೆಂಬರ್ 23ರಂದು 4 ಕೋಟಿ ರೂಪಾಯಿ ಅಧಿಕೃತ ಬಂಡವಾಳದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1941ರ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಮೊದಲ ತರಬೇತಿ ವಿಮಾನ ಸಿದ್ಧವಾಯಿತು. 1942ರಲ್ಲಿ ಕೇಂದ್ರ ಸರಕಾರ ವಾಲಚಂದರ ಪಾಲನ್ನು ಕೊಂಡುಕೊಂಡಿತು. ಕಟ್ಟಿದವರ ಕೈಯಿಂದ ಕಾರ್ಖಾನೆ ಹೋಯಿತು, ಆದರೆ ಕೆಲಸ ಬೆಂಗಳೂರಿನಲ್ಲೇ ಉಳಿಯಿತು. 1964ರಲ್ಲಿ ಅದೇ ಎಚ್.ಎ.ಎಲ್. ಆಯಿತು. ರಾಜ್ಯದ ಸಾವಿರಾರು ಕುಟುಂಬಗಳು ಆ ಕೆಲಸದಿಂದ ಮಕ್ಕಳನ್ನು ಓದಿಸಿವೆ.

1941ರ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಹಡಗು ಕಟ್ಟೆಗೆ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲು ಇಟ್ಟರು. ಮರುವರ್ಷ ಊರಿನ ಮೇಲೆ ಜಪಾನಿನ ಬಾಂಬು ಬಿದ್ದು ಕೆಲಸಕ್ಕೆ ಪೆಟ್ಟಾಯಿತು. ಆದರೂ 1948ರ ಮಾರ್ಚ್ 14ರಂದು ಅಲ್ಲಿ ಕಟ್ಟಿದ ಜಲಉಷಾ ಹಡಗನ್ನು ಪ್ರಧಾನಿ ನೆಹರೂ ನೀರಿಗಿಳಿಸಿದರು. ಮೋಟಾರಿನ ಕನಸು 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಕೈಗೂಡಿತು.

ಕೊನೆಯ ದಿನಗಳು ಮತ್ತು ಉಳಿದದ್ದು

1949ರಲ್ಲಿ ಪಾರ್ಶ್ವವಾಯು ಹೊಡೆಯಿತು. ಮರುವರ್ಷ ವ್ಯವಹಾರದಿಂದ ನಿವೃತ್ತರಾದರು. ಪತ್ನಿ ಕಸ್ತೂರಬಾಯಿಯವರು ಕೊನೆಯ ತನಕ ಶುಶ್ರೂಷೆ ಮಾಡಿದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ವಾಲಚಂದರು ದೇಹ ಬಿಟ್ಟರು. ಸಾಂಗ್ಲಿಯ ವಾಲಚಂದ ಎಂಜಿನಿಯರಿಂಗ್ ಕಾಲೇಜು, ಸೊಲ್ಲಾಪುರದ ವಾಲಚಂದ ಹೆಸರಿನ ಕಾಲೇಜುಗಳು, ತಂದೆಯ ಹೆಸರಿನ ಹಿರಾಚಂದ ನೇಮಚಂದ ವಾಣಿಜ್ಯ ಕಾಲೇಜು ಈ ಮನೆತನದ ನೆನಪನ್ನು ಉಳಿಸಿವೆ.

ಅವರು ಕಟ್ಟಿದ್ದೆಲ್ಲ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಪ್ರೀಮಿಯರ್ ಕಾರು ದಶಕಗಳ ಕಾಲ ಪೈಪೋಟಿಯಿಲ್ಲದ ಪೇಟೆಯಲ್ಲಿ ಓಡಿತು. ಮಾರುತಿ ಬಂದ ಮೇಲೆ ಹಿಂದೆ ಬಿತ್ತು, 2000ದ ಸುಮಾರಿಗೆ ಪದ್ಮಿನಿ ಕಾರಿನ ತಯಾರಿಕೆ ನಿಂತಿತು. ರಾವಳಗಾಂವ ಮಿಠಾಯಿಯ ಪಾನ್ ಪಸಂದ್, ಮ್ಯಾಂಗೋ ಮೂಡ್ ಮೊದಲಾದ ಹೆಸರುಗಳನ್ನು 2024ರಲ್ಲಿ 27 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರಲಾಯಿತು. ಕಚ್ಚಾ ಮಾಲು, ಇಂಧನ, ಕೂಲಿಯ ಖರ್ಚು ಏರಿದ್ದು ಮತ್ತು ಪೈಪೋಟಿ ಹೆಚ್ಚಿದ್ದೇ ಕಂಪನಿ ಕೊಟ್ಟ ಕಾರಣ. ಸುಂಕದ ರಕ್ಷಣೆ ಉದ್ಯಮವನ್ನು ನಿಲ್ಲಿಸಬಲ್ಲದು. ಕಾಲಕ್ಕೆ ತಕ್ಕಂತೆ ಮಾಲು ಬದಲಾಗದಿದ್ದರೆ ಅದೇ ರಕ್ಷಣೆ ಅದನ್ನು ಕಾಪಾಡಲಾರದು.

ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಿರಾಣಿ ಮತ್ತು ಬಟ್ಟೆ ಅಂಗಡಿಗಳಿಗೂ ಎದುರಾಳಿ ದೊಡ್ಡವನೇ. ನಷ್ಟ ತಡೆದು ದರ ಇಳಿಸುವ ಶಕ್ತಿ ಅವನಿಗಿದೆ, ಗಿರಾಕಿಯನ್ನು ಕಟ್ಟಿಹಾಕುವ ರಿಬೇಟು ಮೊಬೈಲಿನಲ್ಲೇ ಬರುತ್ತದೆ. ದರದಲ್ಲಿ ಅವನ ಜೊತೆ ಗುದ್ದಾಡಿದರೆ ಗಂಟು ಕರಗುತ್ತದೆ. ವಾಲಚಂದರು ನಾಲ್ಕು ಜನ ಪಾಲುದಾರರನ್ನು ಕೂಡಿಸಿದರು, ಒಂದೇ ಧಂದೆಯನ್ನು ನೆಚ್ಚಲಿಲ್ಲ, ಬೇಕಾದಾಗ ಮಿತಿಯನ್ನು ಒಪ್ಪಿ ಜಾಗ ಉಳಿಸಿಕೊಂಡರು, ಕೊಟ್ಟ ಮಾತಿಗೆ ಕೆಲಸ ಮುಗಿಸಿದರು. ಸಮಾಜದ ವ್ಯಾಪಾರಿ ಬಂಧುಗಳು ಮತ್ತು ಹೊಸದಾಗಿ ಅಂಗಡಿ ತೆರೆಯುವ ಯುವಕರು ಈ ಜೀವನವನ್ನು ಮನೆಯಲ್ಲಿ ಓದಿ ಹೇಳುವುದು ಒಳ್ಳೆಯದು.